ಒಂದು ಮಾಳಿಗೆಗೆ ಇಪ್ಪತ್ತನಾಲ್ಕು ಜನ

ಮಧ್ಯಾಹ್ನ ಹನ್ನೆರಡು ಹೊಡೆಯುತ್ತಲೇ ಕಲಬುರಗಿಯ ಮಾಳಿಗೆಗಳು ಬೆವರಲು ಶುರುಮಾಡುತ್ತಿದ್ದವು.

ಮೊದಲ ಸಲ ಇದನ್ನು ಕೇಳಿದವರು ನಗುವುದು ಸಹಜ. ಮನುಷ್ಯನ ಚರ್ಮ ಬೆವರಿ ಮೈಯನ್ನು ತಂಪಾಗಿಟ್ಟುಕೊಳ್ಳುವುದಾದರೆ ಮನೆ ಯಾಕೆ ಬೆವರಬಾರದು ಎಂದು ಮಹಾನಂದಾ ಹೂಗಾರ ಎಂಬ ಸಸ್ಯವಿಜ್ಞಾನಿ ಇಪ್ಪತ್ತು ವರ್ಷಗಳ ಹಿಂದೆ ತುಂಬಿದ ಸಭೆಯಲ್ಲಿ ಕೇಳಿದಾಗಲೂ ಜನ ನಕ್ಕಿದ್ದರು. ಆಮೇಲೆ ಬೇಸಿಗೆ ನಲವತ್ತೆಂಟು ಡಿಗ್ರಿ ದಾಟಿತು. ಎಸಿ ಯಂತ್ರಗಳು ಒಳಗಿನ ಬಿಸಿಯನ್ನು ಹೊರಗೆ ಉಗುಳಿ ಉಗುಳಿ ಓಣಿಗಳೇ ಒಲೆಗಳಾದವು. ಟ್ರಾನ್ಸ್‌ಫಾರ್ಮರ್‌ಗಳು ಒಂದರ ಹಿಂದೊಂದು ಸುಟ್ಟವು. ಆಗ ನಕ್ಕವರೇ ಮಹಾನಂದಾಳ ಪ್ರಯೋಗಶಾಲೆಯ ಬಾಗಿಲಿಗೆ ಬಂದರು.

ತಂತ್ರ ದೊಡ್ಡದೇನಲ್ಲ. ಗಿಡಗಳ ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಬಿಸಿಲು ಜೋರಾದರೆ ಕೆಲವು ಗಿಡಗಳು ಅವನ್ನು ಮುಚ್ಚಿಕೊಂಡು ನೀರು ಉಳಿಸುತ್ತವೆ. ಮಹಾನಂದಾ ಬೆಳೆಸಿದ ಬಳ್ಳಿ ದಿನವಿಡೀ ಹಾಗೆ ಬಾಯಿ ಮುಚ್ಚಿಕೊಂಡೇ ಇರುತ್ತಿತ್ತು. ಆದರೆ ಬೇರುಗಳ ನಡುವೆ ಹಾಸಿದ ಕೂದಲೆಳೆಯಂಥ ತಂತಿಯಲ್ಲಿ ಒಂದಿಷ್ಟು ವಿದ್ಯುತ್ ಹರಿಸಿದರೆ ಸಾಕು, ಎಲ್ಲ ರಂಧ್ರಗಳನ್ನೂ ಒಟ್ಟಿಗೆ ತೆರೆದು, ಕುಡಿದ ನೀರನ್ನೆಲ್ಲ ಗಾಳಿಗೆ ಬಿಡುತ್ತಿತ್ತು. ಒದ್ದೆ ಬಟ್ಟೆ ಸುತ್ತಿದ ಮಡಕೆಯ ನೀರು ತಂಪಾಗುವಂತೆ ಕೆಳಗಿನ ಮನೆ ತಂಪಾಗುತ್ತಿತ್ತು. ಜನ ಅದಕ್ಕೆ ಬೆವರುಬಳ್ಳಿ ಎಂದು ಹೆಸರಿಟ್ಟರು. ಮನೆಗಳ ಚಪ್ಪಟೆ ಸೂರಾದ ಮಾಳಿಗೆಯ ಮೇಲೆ ಅದರ ಹಾಸು, ಗೋಡೆಯ ಮೇಲೆ ಅದರ ಪರದೆ, ಹೀಗೆ ಊರಿನ ಮುಕ್ಕಾಲು ಭಾಗ ಹಸಿರಾಗಿತ್ತು.

ಇದನ್ನೆಲ್ಲ ನಡೆಸುತ್ತಿದ್ದುದು ತಂಪು ಕೇಂದ್ರ. ಅಲ್ಲಿ ಮೂವರು ಮುಖ್ಯಸ್ಥರು. ಬಳ್ಳಿ ಮಹಾನಂದಾಳದು, ನೀರು ಜಲ ಎಂಜಿನಿಯರ್ ಅನಸೂಯಾ ಜಮಾದಾರಳದು, ಕಟ್ಟಡ ತಡೆಯುವ ಭಾರದ ಲೆಕ್ಕ ಖಾಜಾ ಇನಾಮದಾರರದು. ಮೂವರೂ ಒಪ್ಪದೆ ಒಂದು ಮಾಳಿಗೆಯನ್ನೂ ಹಸಿರು ಮಾಡುವಂತಿರಲಿಲ್ಲ. ಮೂವರಿಗೆ ಮೂರು ಕೋಣೆ, ಮೂರು ಕಂಪ್ಯೂಟರ್ ಪರದೆ, ಮೂರು ವರದಿ. ವಾರಕ್ಕೊಮ್ಮೆ ಚಹಾ ಕುಡಿಯುತ್ತ ವರದಿಗಳನ್ನು ಕೈ ಬದಲಾಯಿಸಿಕೊಳ್ಳುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರು ಓದುತ್ತಿದ್ದರು ಎಂದು ಮಾತ್ರ ಹೇಳಲಾರೆ. ಪರಸ್ಪರ ಗೌರವವೆಂದರೆ ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸದಿರುವುದು ಎಂದು ಮೂವರೂ ತಿಳಿದಿದ್ದರು.

ಆ ಶನಿವಾರ ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ಊರೆಲ್ಲ ಹಸಿರಾಗಿ ಹೊಳೆಯುತ್ತಿದ್ದಾಗ ಒಂದು ಕಡೆ ಮಾತ್ರ ಅಂಗೈಯಗಲ ಬೂದಿ ಬಣ್ಣ ಉಳಿಯಿತು. ಅದು ಗಾಣಿಗೇರ ಓಣಿ. ಇನ್ನೂರ ಹತ್ತು ಮನೆ, ಎಲ್ಲ ಹಳೆಯವು. ಮರದ ತೊಲೆ, ಅದರ ಮೇಲೆ ಶಹಾಬಾದ್ ಕಲ್ಲು, ಕಲ್ಲಿನ ಮೇಲೆ ಮೊಳದೆತ್ತರ ಮಣ್ಣು. ಹೋದ ಚಳಿಗಾಲದಲ್ಲಷ್ಟೇ ಅಲ್ಲಿ ಬಳ್ಳಿ ಹಾಸಿದ್ದರು.

"ಮೂರು ದಿನ ಆತು ಮೇಡಂ, ಒಂದು ಹನಿ ಬೆವರಿಲ್ಲ," ಎಂದಳು ಅನಸೂಯಾ. "ಬರೋ ಶುಕ್ರವಾರ ಐವತ್ತು ಡಿಗ್ರಿ ಅಂತ ಹವಾಮಾನದವರು ಹೇಳ್ಯಾರ. ಬೆವರದ ಮಾಳಗಿಗೆ ನೀರು ಕೊಡಬಾರದು ಅಂತ ನಾವಽ ಮಾಡಿದ ನಿಯಮ ಅದ. ಬುಧವಾರದ ತನಕ ನೋಡ್ತೀನಿ. ಆಮ್ಯಾಲ ಓಣಿ ನೀರು ಬ್ಯಾರೆ ಕಡಿಗೆ ತಿರುಗಿಸಬೇಕಾಗ್ತದ."

ಮಹಾನಂದಾ ತಲೆಯಾಡಿಸಿದಳು. ನಿಯಮ ಬರೆಯುವಾಗ ಅದಕ್ಕೆ ಮೊದಲು ಕೈ ಎತ್ತಿದವಳು ಅವಳೇ. ಅವಳ ಮನೆ ಇದ್ದದ್ದೂ ಗಾಣಿಗೇರ ಓಣಿಯಲ್ಲೇ. ಮನೆಯಲ್ಲಿ ಇಪ್ಪತ್ತೆರಡು ದಿನದ ಕೂಸಿತ್ತು.

ಸಂಜೆ ಮನೆಗೆ ಬಂದಾಗ ಬಾಣಂತಿ ಕೋಣೆಯ ಬಾಗಿಲಿಗೆ ಒದ್ದೆ ಗೋಣಿತಟ್ಟು ತೂಗುಬಿಟ್ಟಿತ್ತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ಉಜ್ವಲಾ ಗೋಡೆಗೆ ಒರಗಿ ಕೂತಿದ್ದಳು. ಕೂಸು ಮಹಾನಂದಾಳ ಅತ್ತೆ ಕಾಶೆಮ್ಮನ ತೊಡೆಯ ಮೇಲಿತ್ತು. ಮೊಮ್ಮಗಳು ಆಯಿ ಎಂದು ಕರೆಯುತ್ತಿದ್ದ ಕಾಶೆಮ್ಮನಿಗೆ ಎಪ್ಪತ್ತೆಂಟು. ಮಗ ತೀರಿಕೊಂಡು ಹನ್ನೊಂದು ವರ್ಷವಾದರೂ ಅತ್ತೆ ಸೊಸೆ ಒಂದೇ ಒಲೆಯಲ್ಲಿ ಉಂಡವರು. ಹೊರಗೆ ಮಹಾನಂದಾ ಎಷ್ಟು ದೊಡ್ಡ ಅಧಿಕಾರಿಯಾದರೂ ಮನೆಯಲ್ಲಿ ಕಾಶೆಮ್ಮನ ಮಾತೇ ನಡೆಯುತ್ತಿತ್ತು.

"ಕೂಸಿನ ಮೈ ಮುಟ್ಟಿ ನೋಡವಾ," ಎಂದಳು ಕಾಶೆಮ್ಮ. "ಹಂಚಿನಂಗ ಆಗ್ಯದ. ಆದ್ರ ಒಂದು ಹನಿ ಬೆವರಿಲ್ಲ."

ಮಹಾನಂದಾ ಮುಟ್ಟಿ ನೋಡಿದಳು. ಅವಳಿಗೆ ಅದರ ಕಾರಣ ಗೊತ್ತಿತ್ತು. ಎಳೆಗೂಸುಗಳಿಗೆ ಸರಿಯಾಗಿ ಬೆವರಲು ಬರುವುದಿಲ್ಲ. ಆ ವಿದ್ಯೆ ಮೈಗೆ ಬರಲು ದಿನಗಳು ಬೇಕು. ಅಲ್ಲಿಯವರೆಗೆ ಅವುಗಳ ಪರವಾಗಿ ಮನೆಯೇ ಬೆವರಬೇಕು. ಹಾಗೆಂದು ಅವಳೇ ನೂರಾರು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಈಗ ಸ್ವಂತ ಮೊಮ್ಮಗಳ ಹಣೆಯ ಮೇಲೆ ಕೈಯಿಟ್ಟಾಗ ಅದೇ ಮಾತು ನೆನಪಾಯಿತು.

"ಅವ್ವಾ, ಇಕಿ ಹಾಲೂ ಕಡಿಮಿ ಕುಡೀಲತ್ತಾಳ," ಎಂದಳು ಉಜ್ವಲಾ. "ಶುಕ್ರವಾರಕ್ಕ ಏನಾಗ್ತದವಾ?"

"ಶುಕ್ರವಾರದೊಳಗ ಸರಿ ಮಾಡ್ತೀನಿ," ಎಂದುಬಿಟ್ಟಳು ಮಹಾನಂದಾ. ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಏಣಿ ಹತ್ತಿ ಮಾಳಿಗೆಗೆ ಹೋದಳು. ಬಳ್ಳಿಗಳ ಎಲೆಯ ಅಂಚು ಸುಟ್ಟಂತೆ ಕಂದಿತ್ತು. ಬೇರು ಎಳೆದರೆ ಕೊಳೆತ ನಾರಿನಂತೆ ಕೈಗೆ ಬಂತು. ಯಾವುದೋ ಬೂಷ್ಟು ರೋಗವಿರಬೇಕೆಂದು ನಾಲ್ಕು ಬೇರು, ಒಂದು ಹಿಡಿ ಮಣ್ಣು ಚೀಲಕ್ಕೆ ಹಾಕಿಕೊಂಡಳು. ಕೆಳಗಿಳಿದಾಗ ಕಾಶೆಮ್ಮ ಮಜ್ಜಿಗೆ ಕೊಟ್ಟಳು.

ಪ್ರಯೋಗಶಾಲೆಯಲ್ಲಿ ಬೂಷ್ಟು ಸಿಗಲಿಲ್ಲ. ಸಿಕ್ಕಿದ್ದು ಉಪ್ಪು. ಗಿಡದ ಬೇರನ್ನು ಸುಟ್ಟು ಹಾಕುವಷ್ಟು ಕ್ಷಾರ, ಅದೂ ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ ಮಾತ್ರ. ಸೋಮವಾರ ಬೆಳಿಗ್ಗೆ ಮಹಾನಂದಾ ಆ ಹಾಳೆ ಹಿಡಿದು ನೇರ ಅನಸೂಯಾಳ ಕೋಣೆಗೆ ನುಗ್ಗಿದಳು.

"ಎಂಥ ನೀರು ಬಿಡ್ಲತ್ತೀ ನೀ ನಮ್ಮ ಓಣಿಗೆ? ಗಟಾರದ ನೀರು ಶುದ್ಧ ಮಾಡೋದು ಬಿಟ್ಟೀಯೇನು?"

ಅನಸೂಯಾ ಮುಖ ಕೆಂಪು ಮಾಡಿಕೊಂಡಳು. "ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ ಮೇಡಂ. ಇದಽ ನೀರು ಪಕ್ಕದ ಮೂರು ವಾರ್ಡಿಗೂ ಹೋಗ್ತದ. ಅಲ್ಲಿ ಬಳ್ಳಿ ಚಂದ ಅವ. ನಿಮ್ಮ ಓಣ್ಯಾಗಂತೂ ಚೈತ್ರದಿಂದ ನೀರು ಪೋಲಾಗೋದಽ ನಿಂತದ. ಮಣ್ಣಿನಾಗಿಂದ ಇಳಿದು ಹೋಗೋ ನೀರು ಅರ್ಧಕ್ಕರ್ಧ ಕಡಿಮಿ. ಭಾಳ ಚಲೋ ಉಳಿತಾಯ ಅಂತ ನಾ ವರದ್ಯಾಗ ಬರದಿದ್ದೆ."

ಗದ್ದಲ ಕೇಳಿ ಬಂದ ಇನಾಮದಾರರು ಬಾಗಿಲಲ್ಲೇ ನಿಂತರು. ಮಿತಭಾಷಿ ಮನುಷ್ಯ, ನಿವೃತ್ತಿಗೆ ಇನ್ನೆರಡು ವರ್ಷ. "ಚೈತ್ರದಾಗ ಅಂದ್ರಿ?" ಎಂದರು. "ಚೈತ್ರದ ಕಡೀ ವಾರದಾಗ ಆ ಓಣಿ ಮಾಳಗಿಗಳೆಲ್ಲ ಭಾರ ಆದವು. ಎಲ್ಲಾ ತೊಲಿಗೂ ಒಂದಽ ಸಲಕ್ಕ. ತೊಲಿಗೆ ಹಚ್ಚಿದ ಭಾರದ ಮಾಪಕ ಕೆಟ್ಟಾವ ಅಂತ ತಿಳಕೊಂಡು ನಾ ಮುಳ್ಳು ತಿರುಗಿಸಿ ಮತ್ತ ಸೊನ್ನಿಗೆ ತಂದಿಟ್ಟೆ."

ಭಾರವಾದ ಮಣ್ಣು, ನೀರು ಬಿಡದ ಮಣ್ಣು, ಕ್ಷಾರದ ಮಣ್ಣು. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟ ಮೇಲೆ ಮಹಾನಂದಾಳಿಗೆ ಯುಗಾದಿ ಕಳೆದ ಮೇಲೆ ಒಂದು ದಿನ ತನ್ನ ಮನೆಯ ಹೊಸ್ತಿಲಿನ ಮೇಲೆ ಬಿದ್ದಿದ್ದ ಬಿಳಿ ಧೂಳು ನೆನಪಾಯಿತು. ಬೆಂಗಳೂರಿನ ಸಭೆ ಮುಗಿಸಿ ಬಂದ ಬೆಳಿಗ್ಗೆ ಅದನ್ನು ತಾನೇ ಕಸಬರಿಗೆ ಹಿಡಿದು ಗುಡಿಸಿದ್ದಳು. ಏನೆಂದು ಯೋಚಿಸಿರಲಿಲ್ಲ.

"ಸವಳು," ಎಂದಳು. "ಸವಳು ಮಣ್ಣು ಹಾಕ್ಯಾರ."

ಆ ಸೀಮೆಯ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲಕ್ಕೆ ಮುಂಚೆ ಸವಳು ಹಾಕುವುದು ಅಜ್ಜ ಮುತ್ತಜ್ಜರ ಕಾಲದ ಪದ್ಧತಿ. ಹಳ್ಳದ ದಂಡೆಯ ಬಿಳಿಚಿದ ಉಪ್ಪುಮಣ್ಣು ಅದು. ಒದ್ದೆಯಾದೊಡನೆ ಅಂಟಿಕೊಂಡು ಒಂದು ಹನಿಯನ್ನೂ ಕೆಳಗಿಳಿಸದು. ಗಿಡಕ್ಕೆ ವಿಷ, ಮನೆಗೆ ಕವಚ. ಮೂವರು ತಜ್ಞರೂ ಈ ನಾಡಿನಲ್ಲೇ ಹುಟ್ಟಿ ಬೆಳೆದವರು. ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಮಹಾನಂದಾ ಮಧ್ಯಾಹ್ನವೇ ಮನೆಗೆ ಬಂದಳು. ಇನಾಮದಾರರೂ ಜೊತೆಗೆ ಬಂದಿದ್ದರು. ಕಾಶೆಮ್ಮ ಕೂಸಿಗೆ ಬೀಸಣಿಗೆ ಬೀಸುತ್ತಿದ್ದಳು.

"ಅತ್ತಿ, ಮಾಳಗಿಗೆ ಸವಳು ಹಾಕ್ಸಿದ್ರೇನು?"

"ಹಾಕ್ದೆ ಮತ್ತೇನ್ ಮಾಡ್ಬೇಕಿತ್ತವಾ?" ಎಂದಳು ಕಾಶೆಮ್ಮ. "ನೀ ಬೆಂಗ್ಳೂರಿಗಿ ಹೋದಾಗ ಅಡ್ಡಮಳಿ ಬಂದು ಪಡಸಾಲಿ ತುಂಬ ಸೋರ್ತು. ನಿಮ್ಮ ಬಳ್ಳಿಗಿ ಏನೂ ಮಾಡಿಲ್ಲ ತಾಯಿ. ಹಾಸಿಗಿ ಸುತ್ತಿದಂಗ ಮೆಲ್ಲಕ ಸುತ್ತಿ ಬದಿಗಿಟ್ಟು, ಸವಳು ಹಾಕಿ ಬಡಿದು, ಮತ್ತ ಹಾಸೀವಿ. ಒಂದು ಎಲಿ ಮುರಿದಿಲ್ಲ. ಓಣಿ ಮಂದೆಲ್ಲ ಹಂಗಽ ಮಾಡ್ಯಾರ."

ಹೇಳುತ್ತ ಹೇಳುತ್ತ ಸೊಸೆಯ ಮುಖ ನೋಡಿದಳು. ಮುದುಕಿಗೆ ಹೇಳದೆಯೇ ತಿಳಿಯಿತು. ಬೀಸಣಿಗೆ ನಿಂತಿತು.

"ಹಂಗಂದ್ರ ಬಳ್ಳಿ ಸತ್ತದ್ದು ನಮ್ಮ ಕೈಲೇನು? ಈ ಕೂಸು ಹಿಂಗ ಸುಡ್ಲತ್ತದ್ದು ನನ್ನ ಕೈಲೇನು?"

"ಅಲ್ಲ ಅತ್ತಿ." ಮಹಾನಂದಾ ಅವಳ ಪಕ್ಕದಲ್ಲಿ ಕುಕ್ಕರಿಸಿದಳು. "ನೀವು ಮನಿ ಉಳಿಸ್ಕೊಂಡ್ರಿ. ತಪ್ಪು ನಂದು. ಮದಿವ್ಯಾಗಿ ಬಂದ ವರ್ಷ ನಿಮ್ಮ ಸಂಗಟ ನಾನೂ ಸವಳು ಬುಟ್ಟಿ ಹೊತ್ತಾಕಿ ಅಲ್ಲೇನು? ನನಗ ಗೊತ್ತಿತ್ತು. ಆ ಕುರ್ಚಿ ಮ್ಯಾಲ ಕುಂತಾಗ ನೆನಪಿಗೆ ಬರ್ಲಿಲ್ಲ. ನಿಮ್ಮನ್ನ ಕೇಳ್ಬೇಕು ಅಂತನೂ ಅನಿಸ್ಲಿಲ್ಲ."

ಕಾಶೆಮ್ಮ ಮತ್ತೆ ಬೀಸಣಿಗೆ ಬೀಸತೊಡಗಿದಳು. ಆ ಮಾತನ್ನು ಅವಳು ನಂಬಿದಳೋ ಇಲ್ಲವೋ, ಆಮೇಲೆ ಮಹಾನಂದಾ ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡಳು.

ಇನಾಮದಾರರು ಬಾಗಿಲಾಚೆ ನಿಂತೇ ಕೇಳಿದರು: "ಅಮ್ಮಾ, ಈ ಸವಳು ಮಾಳಗಿ ತುಂಬ ಬೇಕೇ ಬೇಕೇನ್ರಿ? ಎಲ್ಲಾಕಡಿನೂ ಸೋರ್ತದೇನು?"

"ಎಲ್ಲಾಕಡಿ ಎಲ್ಲಿ ಸೋರ್ತದಪಾ? ಗೋಡಿಗಿ ಮಾಳಗಿ ಕೂಡೋ ಮೂಲ್ಯಾಗ ಸೋರ್ತದ. ಗೋಡಿ ಗುಂಟ ಒಂದು ಗೇಣು ಹಾಕಿದ್ರ ಸಾಕು. ನಾವು ಮನಸಿನ ಸಮಾಧಾನಕ್ಕ ತುಂಬ ಹಾಕ್ತೀವಿ."

ಹದಿನೈದು ವರ್ಷದಲ್ಲಿ ತಂಪು ಕೇಂದ್ರದ ಯಾವ ವರದಿಯಲ್ಲೂ ಇಷ್ಟು ಉಪಯೋಗದ ಒಂದು ಸಾಲು ಇರಲಿಲ್ಲ. ಇನಾಮದಾರರು ಅಲ್ಲೇ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ಮುಂದಿನ ಮೂರು ದಿನ ಆ ಮೂವರೂ ತಮ್ಮ ಕೋಣೆಗಳಿಗೆ ಹೋಗಲಿಲ್ಲ. ಬುಧವಾರ ನೀರು ತಿರುಗಿಸುವ ಮಾತನ್ನು ಅನಸೂಯಾ ಎತ್ತಲೂ ಇಲ್ಲ. ಬೆಳಿಗ್ಗೆ ನಾಲ್ಕರಿಂದ ಒಂಬತ್ತು, ಸಂಜೆ ಐದರಿಂದ ಎಂಟು, ಓಣಿಯ ಹೆಣ್ಣು ಗಂಡು ಸಾಲು ನಿಂತು ಬುಟ್ಟಿಯಿಂದ ಬುಟ್ಟಿಗೆ ಉಪ್ಪು ಹಿಡಿದ ಮಣ್ಣನ್ನು ಕೆಳಗಿಳಿಸಿದರು. ಮಣ್ಣು ತೊಳೆಯೋಣವೆಂದು ಮಹಾನಂದಾ ಅಂದಿದ್ದಕ್ಕೆ ಒದ್ದೆ ಭಾರಕ್ಕೆ ತೊಲೆ ಮುರಿಯುತ್ತದೆ ಎಂದು ಇನಾಮದಾರರು ತಡೆದರು. ಹೊಸ ಮಣ್ಣು ಬೇಡ, ತೊಟ್ಟಿಯಲ್ಲೇ ಬೆಳೆದ ಹಾಸು ಇಟ್ಟರೆ ನೀರು ಕಡಿಮೆ ಸಾಕೆಂದು ಅನಸೂಯಾ ಲೆಕ್ಕ ಹಾಕಿದಳು. ಗೋಡೆ ಗುಂಟ ಒಂದು ಗೇಣು ಸವಳು ಹೇಗೆ ಬಡಿಯಬೇಕೆಂದು ಕಾಶೆಮ್ಮ ಏಣಿಯ ಬುಡದಲ್ಲಿ ಕೂತು ಕೂಗಿ ಹೇಳಿದಳು. ಮೂವರೂ ಮೊದಲ ಸಲ ಒಬ್ಬರ ಕೆಲಸ ಒಬ್ಬರು ಕಣ್ಣಾರೆ ಕಂಡರು. ಹೀಗೆ ಮೊದಲೇ ಮಾಡಿದ್ದರೆ ಎಂದು ಮೂವರಿಗೂ ಅನ್ನಿಸಿತು, ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ಬಿಡುವು ಇರಲಿಲ್ಲ.

ಹಾಸು ಮಾತ್ರ ಸಾಕಾಗಲಿಲ್ಲ. ನರ್ಸರಿಯಲ್ಲಿ ತಯಾರಿದ್ದದ್ದು ನಲವತ್ತನಾಲ್ಕು ಮನೆಗಾಗುವಷ್ಟು. ಬೇರೆ ವಾರ್ಡುಗಳ ಮನೆಗಳೋ, ಬಿಸಿಲಿಗೆ ಹೆದರಿ ಸುತ್ತಲ ಹಳ್ಳಿಗಳಿಂದ ಬಂದ ನೆಂಟರಿಂದ ತುಂಬಿಹೋಗಿದ್ದವು. ಗಟ್ಟಿ ತೊಲೆಯ ನಲವತ್ತನಾಲ್ಕು ಮನೆಗಳನ್ನು ಇನಾಮದಾರರು ಆರಿಸಿದರು. ಮಹಾನಂದಾಳ ಮನೆಯ ನಡುತೊಲೆಗೆ ಗೆದ್ದಲು ಹತ್ತಿತ್ತು. ಅವಳ ಮನೆ ಆಯ್ಕೆಯಾಗಲಿಲ್ಲ. ಎದುರು ಮನೆಯ ಬಸಲಿಂಗಮ್ಮನದು ಆಯಿತು.

ಶುಕ್ರವಾರ ಓಣಿಯವರೆಲ್ಲ ಈ ನಲವತ್ತನಾಲ್ಕು ಮನೆಗಳಲ್ಲಿ ಸೇರಿಕೊಳ್ಳಬೇಕು. ಒಂದು ಮನೆಗೆ ಎಷ್ಟು ಜನ? ಸುಮ್ಮನೆ ಕೂತ ಮನುಷ್ಯನ ಮೈಯೂ ಒಂದು ಹಳೇ ಕಾಲದ ಬಲ್ಬಿನಷ್ಟು ಬಿಸಿ ಬಿಡುತ್ತದೆ. ಜನ ಹೆಚ್ಚಾದರೆ ಮಾಳಿಗೆ ಬೆವರಿದ್ದು ಅವರ ಮೈಬಿಸಿಗೇ ಸರಿಹೋಗುತ್ತದೆ. ಮೂವರೂ ಕೂತು ಲೆಕ್ಕ ಹಾಕಿದರು: ಇಪ್ಪತ್ತನಾಲ್ಕು. ಪಡಿತರ ಚೀಟಿಯ ಪಟ್ಟಿಯ ಪ್ರಕಾರ ಓಣಿಯಲ್ಲಿ ಸಾವಿರದ ನಲವತ್ತು ಜನ. ನಲವತ್ತನಾಲ್ಕು ಮನೆಗೆ ಸಾವಿರದ ಐವತ್ತಾರು. ಲೆಕ್ಕ ಕೂಡಿ ಬಂದಾಗ ಅನಸೂಯಾ ಮೊದಲ ಸಲ ನಕ್ಕಳು.

ಗುರುವಾರ ಸಂಜೆ ಮೈಕು ಕಟ್ಟಿದ ಆಟೋ ಓಣಿಯಲ್ಲಿ ಮೂರು ಸುತ್ತು ಹಾಕಿತು. "ಒಂದು ಮಾಳಗಿಗೆ ಇಪ್ಪತ್ನಾಕು ಮಂದಿ ಮಾತ್ರ. ಹೆಚ್ಚಾದ್ರ ಕೂಸುಗಳ ಜೀವಕ್ಕ ಅಪಾಯ ಅದ. ದಯಮಾಡಿ ಸಹಕರಿಸ್ರಿ." ಆ ಸಾಲು ಬರೆದುಕೊಟ್ಟವಳು ಮಹಾನಂದಾ.

ಶುಕ್ರವಾರ ಬೆಳಿಗ್ಗೆ ಅವಳು ಉಜ್ವಲಾ, ಕೂಸು, ಕಾಶೆಮ್ಮ ಮೂವರನ್ನೂ ಬಸಲಿಂಗಮ್ಮನ ಪಡಸಾಲೆಯಲ್ಲಿ ಬಿಟ್ಟು ಕೇಂದ್ರಕ್ಕೆ ಹೊರಟಳು. ಬಾಣಂತಿ ಹಸಿಮೈಯಲ್ಲಿ ಓಣಿ ದಾಟಬಾರದೆಂದು ಯಾವಾಗಲೂ ಗದರಿಸುತ್ತಿದ್ದ ಕಾಶೆಮ್ಮ ಅವತ್ತು ತಾನೇ ಮೊಮ್ಮಗಳ ಕೈ ಹಿಡಿದು ದಾಟಿಸಿದಳು. "ನೀ ಹೋಗು, ಇಲ್ಲಿದು ನಾ ನೋಡ್ಕೋತೀನಿ," ಎಂದಳು. ಮಹಾನಂದಾಳಿಗೆ ಧೈರ್ಯ ಬಂತು.

ಹನ್ನೆರಡಕ್ಕೆ ಹೊರಗೆ ಐವತ್ತು ದಶಮಾಂಶ ಎರಡು. ನಿಯಂತ್ರಣ ಕೋಣೆಯಿಂದ ಬಳ್ಳಿಯ ತಂತಿಗಳಿಗೆ ವಿದ್ಯುತ್ ಹರಿಯಿತು. ಗಾಣಿಗೇರ ಓಣಿಯಲ್ಲಿ ನಲವತ್ತನಾಲ್ಕು ಹಸಿರು ಚುಕ್ಕಿ ಹೊತ್ತಿಕೊಂಡವು. ಆದರೆ ಆ ಮನೆಗಳ ಒಳಗಿನ ತಾಪ ಇಳಿಯಲಿಲ್ಲ. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು. ಮಹಾನಂದಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಂತೆ ಪರದೆ ನೋಡುತ್ತ ನಿಂತಳು. ಲೆಕ್ಕದ ಪ್ರಕಾರ ಮೂವತ್ತೈದು ದಾಟಬಾರದಿತ್ತು.

ಹನ್ನೆರಡೂ ಮುಕ್ಕಾಲಿಗೆ ಅಂಕಿ ತಾನಾಗಿ ಇಳಿಯತೊಡಗಿತು. ಒಂದು ಮನೆಯಲ್ಲಲ್ಲ, ಹೆಚ್ಚು ಕಡಿಮೆ ಎಲ್ಲ ಮನೆಗಳಲ್ಲಿ. ಒಂದೂ ಹತ್ತಕ್ಕೆ ಮೂವತ್ತನಾಲ್ಕೂವರೆ. ಅನಸೂಯಾ ಚಪ್ಪಾಳೆ ತಟ್ಟಿದಳು. ಮಹಾನಂದಾ ಕುರ್ಚಿಯಲ್ಲಿ ಕುಸಿದು ಕೂತು ಕಣ್ಣು ಒರೆಸಿಕೊಂಡಳು. "ಬಳ್ಳಿ ನಾ ತಿಳ್ಕೊಂಡದ್ದಕ್ಕಿಂತ ಗಟ್ಟಿ ಅವ," ಎಂದಳು.

ಇನಾಮದಾರರು ಮಾತ್ರ ನಗಲಿಲ್ಲ. "ಮೇಡಂ, ಬಳ್ಳಿ ಎಷ್ಟು ಬೆವರ್ತಿತ್ತೋ ಅಷ್ಟಽ ಬೆವರ್ಲತ್ತದ," ಎಂದರು ಅಂಕಿ ತೋರಿಸುತ್ತ. "ನೀರೂ ಅಷ್ಟಽ ಅದ. ಮ್ಯಾಲಿನ ತಂಪು ಹೆಚ್ಚಾಗಿಲ್ಲ. ಒಳಗಿನ ಬಿಸಿ ಕಡಿಮಿ ಆಗ್ಯದ. ಅಂದ್ರ ಮಂದಿ ಕಡಿಮಿ ಆಗ್ಯಾರ."

ಮಹಾನಂದಾ ಫೋನ್ ಹಚ್ಚಿದಳು. ಉಜ್ವಲಾ ಪಿಸುಮಾತಿನಲ್ಲಿ ಮಾತಾಡಿದಳು, ಮಡಿಲಲ್ಲಿ ಕೂಸು ಮಲಗಿತ್ತೆಂದು ಕಾಣುತ್ತದೆ.

"ಅವ್ವಾ, ಇಲ್ಲಿ ಇಪ್ಪತ್ತೆಂಟು ಮಂದಿ ಆಗಿತ್ತು. ಬಸಲಿಂಗಮ್ಮನ ಇಬ್ಬರು ಹೆಣ್ಮಕ್ಕಳು ಸೂಟಿಗಿ ಬಂದಾರ, ಅವರ ಹುಡುಗ್ರು ಅವ. ನಾವಿಬ್ಬರು ಬ್ಯಾರೆ. ಸೆಕಿ ಹೆಚ್ಚಾತು, ಕೂಸುಗಳು ಅಳ್ಲಾಕ ಹತ್ತಿದ್ವು. ಆಯಿ ಎದ್ದು ಎಲ್ಲಾರ್ನೂ ಎಣಿಸಿದ್ಲು. ಎಣಿಸಿ ಹೊರಗ ಹೋದ್ಲು. ಆಕಿನ್ನ ನೋಡಿ ಮತ್ತ ಮೂರು ಮಂದಿ ಮುದುಕ್ರು ಎದ್ರು. ಎಲ್ಲಾ ಮನ್ಯಾಗೂ ಹಂಗಽ ಆಗ್ಲತ್ತದಂತ. ನೀರು ಕುಡ್ದು ಬರ್ತೀನಿ ಅಂದಿದ್ಲು, ಬಂದಿಲ್ಲ."

ಮಹಾನಂದಾಳಿಗೆ ಆಗ ಹೊಳೆಯಿತು. ವೈಶಾಖ, ಜ್ಯೇಷ್ಠ ಬಂತೆಂದರೆ ಆ ಓಣಿಯಲ್ಲಿ ಹೆಣ್ಣುಮಕ್ಕಳು ತವರಿಗೆ ಬರದ ಮನೆಯೇ ಇಲ್ಲ. ಶಾಲೆಯ ಸೂಟಿಗೆ ಮೊಮ್ಮಕ್ಕಳು, ಬಾಣಂತನಕ್ಕೆ ಮಗಳು. ಪಡಿತರ ಚೀಟಿಯಲ್ಲಿ ಅವರ ಹೆಸರಿರುವುದಿಲ್ಲ. ಅವರ ಹೆಸರು ಗಂಡನ ಮನೆಯ ಚೀಟಿಯಲ್ಲಿ. ಸಾವಿರದ ನಲವತ್ತರಲ್ಲಿ ಅವಳ ಸ್ವಂತ ಮಗಳಿರಲಿಲ್ಲ. ಆ ಕೂಸು ಇರಲಿಲ್ಲ. ಒಂದೇ ವಾರದಲ್ಲಿ ಎರಡನೇ ಸಲ ಅವಳು ತನಗೆ ಗೊತ್ತಿದ್ದದ್ದನ್ನೇ ಕೇಳಿಕೊಂಡಿರಲಿಲ್ಲ.

ಜೀಪು ಹತ್ತಿ ಓಡಿದಳು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ತನ್ನ ಮನೆಯ ಬಾಗಿಲು ಚಿಲಕವಿಲ್ಲದೆ ಮುಚ್ಚಿತ್ತು. ಒಳಗಿನ ಗಾಳಿ ಮುಖಕ್ಕೆ ಬಡಿದ ರಭಸಕ್ಕೆ ಉಸಿರು ಹಿಡಿಯಿತು. ಕಾಶೆಮ್ಮ ಬಾಣಂತಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆಯ ಮೇಲೆ ಹೊದ್ದ ಒದ್ದೆ ಸೆರಗು ಆಗಲೇ ಒಣಗಿತ್ತು.

"ಏಳ್ರಿ ಅತ್ತಿ. ನಡ್ರಿ ಬಸಲಿಂಗಮ್ಮನ ಮನಿಗಿ."

"ನಾ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬರಬೇಕಾಗ್ತದ." ಕಾಶೆಮ್ಮನ ನಾಲಿಗೆ ತೊದಲುತ್ತಿತ್ತು. "ನೀನಽ ಮೈಕಿನ್ಯಾಗ ಹೇಳ್ಸೀದಿ ಅಲ್ಲವಾ... ಇಪ್ಪತ್ನಾಕು ಅಂತ. ಕೂಸು ಮಲಗ್ತೇನು?"

"ಮಲಗ್ಯದ ಅತ್ತಿ."

"ಚಲೋ ಆತು."

ಮಹಾನಂದಾ ಕೊಡದ ನೀರನ್ನೆಲ್ಲ ಅವಳ ತಲೆಯ ಮೇ‌ಲೆ ಸುರಿದಳು. ಒಂದು ಕೈಯಲ್ಲಿ ಬೀಸುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಅನಸೂಯಾಳಿಗೆ ಕೂಗಿ ಹೇಳಿದಳು: ಮನೆಗೆ ಮೂರು ನಾಲ್ಕರಂತೆ ಸುಮಾರು ನೂರೈವತ್ತು ಜನ ಮುದುಕರು ಸುಡುವ ಮನೆಗಳಲ್ಲಿ ಕೂತಿದ್ದಾರೆ, ಅವರನ್ನು ಇಡಲು ತಂಪಾದ ಒಂದು ಸೂರು ಬೇಕು, ಎಲ್ಲಿದೆ ಹೇಳು, ಊರಲ್ಲಿ ಎಲ್ಲಿದೆ?

ಆ ಕಡೆಯಿಂದ ಇನಾಮದಾರರ ಧ್ವನಿ ಕೇಳಿಸಿತು. "ಮೇಡಂ, ಇಲ್ಲಿ ಅದ. ನಾವು ಕುಂತಲ್ಲೇ ಅದ. ನಮ್ಮ ಕೇಂದ್ರದ ಮಾಳಗಿ ಊರಾಗ ಎಲ್ಲಕ್ಕೂ ದೊಡ್ಡದು. ಮುನ್ನೂರು ಮಂದಿಗೆ ಸಾಕಾಗ್ತದ. ಒಳಗ ನಾವು ಒಂಬತ್ತು ಮಂದಿ ಇದ್ದೀವಿ."

ಹದಿನೈದು ವರ್ಷ ಆ ಕಟ್ಟಡದಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಊರಿನ ಸೆಕೆಯ ಲೆಕ್ಕ ನೋಡಿದವಳು ಮಹಾನಂದಾ. ಆ ಸೂರಿನ ಕೆಳಗೆ ಎಷ್ಟು ಜನ ಹಿಡಿಯುತ್ತಾರೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಕೇಂದ್ರದ ಉಳಿದ ಜೀಪುಗಳು, ನೀರಿನ ಟ್ಯಾಂಕರು, ಮೈಕಿನ ಆಟೋ, ಎಲ್ಲವೂ ಓಣಿಗೆ ಬಂದವು. ಇನಾಮದಾರರೇ ಮನೆ ಮನೆ ಬಾಗಿಲು ತಟ್ಟಿ ಮುದುಕರನ್ನು ಎತ್ತಿ ತಂದರು. ಅನಸೂಯಾ ತನ್ನ ಕೋಣೆಯ ಮೇಜು ಕುರ್ಚಿ ಹೊರಗೆಸೆದು ನೆಲಕ್ಕೆ ಒದ್ದೆ ಬಟ್ಟೆ ಹಾಸಿದಳು. ನೂರ ನಲವತ್ತೊಂಬತ್ತು ಜನರನ್ನು ತಂದರು. ನೂರ ನಲವತ್ತೆರಡು ಜನ ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು ಚಹಾ ಕೇಳಿದರು.

ಕಾಶೆಮ್ಮ ಜೀಪಿನಲ್ಲಿ, ಸೊಸೆಯ ತೊಡೆಯ ಮೇಲೆ, ಕೇಂದ್ರದ ಗೇಟು ಕಾಣುವ ಹೊತ್ತಿಗೆ ಹೋಗಿಬಿಟ್ಟಳು. ಮೈ ಕೆಂಡದಂತಿತ್ತು, ಒಂದು ಹನಿ ಬೆವರಿರಲಿಲ್ಲ. ಮಹಾನಂದಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಲೇ ಇದ್ದಳು. ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ತಲೆಯ ಟೋಪಿ ತೆಗೆದು ನಿಂತ ಮೇಲೂ ಹೇಳುತ್ತಿದ್ದಳು.

ಐದು ಗಂಟೆಗೆ ಬಿಸಿಲು ಇಳಿಯಿತು. ಮಹಾನಂದಾ ಬಸಲಿಂಗಮ್ಮನ ಪಡಸಾಲೆಗೆ ಬಂದಾಗ ಇಪ್ಪತ್ತನಾಲ್ಕು ಜನವೂ ಇದ್ದರು. ಮಕ್ಕಳು ಆಗಲೇ ಆಟಕ್ಕೆ ಬಿದ್ದಿದ್ದವು. ಉಜ್ವಲಾಳ ಮಡಿಲಲ್ಲಿ ಕೂಸು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತ್ತು. ಮಹಾನಂದಾ ಹತ್ತಿರ ಕೂತು ಅದರ ಹಣೆ ಮುಟ್ಟಿದಳು. ತಣ್ಣಗಿತ್ತು. ಆಗ ಅವಳಿಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ಆಯಿ ಎಲ್ಲಿ ಅವ್ವಾ?" ಎಂದಳು ಉಜ್ವಲಾ.

"ನಾ ಮಾಡಿದ ಪಟ್ಟ್ಯಾಗ ನಿನ್ನ ಹೆಸರು ಇರ್ಲಿಲ್ಲ ಉಜ್ವಲಾ. ಇದರದೂ ಇರ್ಲಿಲ್ಲ," ಎಂದಳು ಮಹಾನಂದಾ. "ಆಯಿ ತನ್ನ ಜಾಗಾ ಇದಕ್ಕ ಕೊಟ್ಟು ಹೋದ್ಲು."